ಸ್ಟಾರ್ಟಪ್‌ಗೆ ಹಣ ಹಾಕಿದರೆ ಫೌಂಡ್ರಿಯ ಇಂಗಾಲ ಇಳಿಯುತ್ತದೆಯೇ?

ಪ್ರಶ್ನೆ: ಬೆಂಗಳೂರಿನ ಹತ್ತಿರ ಇರುವ ಒಂದು ಲಿಸ್ಟೆಡ್ ಕಂಪನಿಯ ಹಣಕಾಸು ವಿಭಾಗದಲ್ಲಿದ್ದೇನೆ. ನಮ್ಮದು ಫೌಂಡ್ರಿ. ಇಂಡಕ್ಷನ್ ಫರ್ನೇಸ್‌ಗಳಲ್ಲಿ ಕಬ್ಬಿಣ ಕರಗಿಸಿ ವಾಹನದ ಬಿಡಿಭಾಗ ಎರಕ ಹೊಯ್ಯುತ್ತೇವೆ, ವರ್ಷಕ್ಕೆ ಸುಮಾರು 12,000 ಟನ್. ಪರಿಸರಸ್ನೇಹಿ ತಂತ್ರಜ್ಞಾನದ ಸ್ಟಾರ್ಟಪ್‌ಗಳಲ್ಲಿ 30 ಕೋಟಿ ರೂ. ಹೂಡಬೇಕೆಂಬ ಪ್ರಸ್ತಾವ ಬೋರ್ಡಿನ ಮುಂದಿದೆ. ಇದರಿಂದ ಬಿಆರ್‌ಎಸ್‌ಆರ್ (ಪರಿಸರ, ಸಾಮಾಜಿಕ ಹೊಣೆಯ ಬಗ್ಗೆ ಲಿಸ್ಟೆಡ್ ಕಂಪನಿಗಳು ಕೊಡುವ) ವರದಿಯಲ್ಲಿ ನಮ್ಮ ಪರಿಸರ ಸಾಧನೆ ಉತ್ತಮಗೊಳ್ಳುತ್ತದೆ ಎಂದು ಹೇಳುತ್ತಿದ್ದಾರೆ. ಇದು ನಿಜವೇ? ಮಾಡುವುದಾದರೆ ಹೇಗೆ ಮಾಡಬೇಕು?

ಉತ್ತರ: ಚೆಕ್ ಬರೆದ ಮಾತ್ರಕ್ಕೆ ಒಂದು ಕಿಲೋ ಇಂಗಾಲವೂ ಇಳಿಯುವುದಿಲ್ಲ. ಆ ಸ್ಟಾರ್ಟಪ್‌ನ ಯಂತ್ರವೋ ಸಾಫ್ಟ್‌ವೇರೋ ನಿಮ್ಮ ಶಾಪ್‌ಫ್ಲೋರಿಗೆ ಬಂದು, ನಿಮ್ಮ ಮೀಟರಿನ ಓಟ ತಗ್ಗಿದಾಗ ಮಾತ್ರ ಇಳಿಯುತ್ತದೆ. ಆದ್ದರಿಂದ ಷೇರಿನ ಹಿಂದೆಯೇ ಪರ್ಚೇಸ್ ಆರ್ಡರ್ ಹೋಗಬೇಕು. ಬೋರ್ಡಿನ ಪ್ರಸ್ತಾವದಲ್ಲಿ ಆ ಎರಡನೇ ಭಾಗ ಇದೆಯೇ ಎಂದು ಮೊದಲು ನೋಡಿ.

ವರದಿಯ ಮಾತು ಮೊದಲು ಮುಗಿಸೋಣ. ಮಾರುಕಟ್ಟೆ ಮೌಲ್ಯದಲ್ಲಿ ಮುಂದಿರುವ 1,000 ಲಿಸ್ಟೆಡ್ ಕಂಪನಿಗಳಿಗೆ ಸೆಬಿ 2022-23ರಿಂದ ಬಿಆರ್‌ಎಸ್‌ಆರ್ ಕಡ್ಡಾಯ ಮಾಡಿದೆ. ಅದರ ಆರನೇ ತತ್ವದಡಿ ಕೇಳುವುದು ನಿಮ್ಮ ವಿದ್ಯುತ್ತು, ಇಂಧನ, ನೀರು, ತ್ಯಾಜ್ಯ, ಸ್ಕೋಪ್ 1 (ನೀವೇ ಸುಡುವ ಇಂಧನದ್ದು) ಮತ್ತು ಸ್ಕೋಪ್ 2 (ಕೊಂಡ ವಿದ್ಯುತ್ತಿನದ್ದು) ಹೊರಸೂಸುವಿಕೆ. ಇನ್ನೊಬ್ಬರ ಕಂಪನಿಯಲ್ಲಿ ನಿಮಗಿರುವ ಷೇರಿಗೆ ಅಲ್ಲಿ ಅಂಕಣವೇ ಇಲ್ಲ. ಸ್ಕೋಪ್ 3, ಅಂದರೆ ನಿಮ್ಮ ವ್ಯವಹಾರಕ್ಕೆ ಸಂಬಂಧಿಸಿ ಬೇರೆಯವರಲ್ಲಿ ಆಗುವ ಹೊರಸೂಸುವಿಕೆಯನ್ನೂ ತೋರಿಸುವವರಾದರೆ ಲೆಕ್ಕ ತಿರುಗುಮುರುಗಾಗುತ್ತದೆ. ಹೊರಸೂಸುವಿಕೆ ಲೆಕ್ಕದ ಅಂತರರಾಷ್ಟ್ರೀಯ ಮಾನದಂಡವಾದ ಜಿಎಚ್‌ಜಿ ಪ್ರೊಟೊಕಾಲ್‌ನಲ್ಲಿ ಸ್ಕೋಪ್ 3ರ 15ನೇ ವರ್ಗ ಹೂಡಿಕೆಗಳದ್ದು. ಸ್ಟಾರ್ಟಪ್ ವರ್ಷಕ್ಕೆ 400 ಟನ್ ಹೊರಸೂಸುತ್ತಿದ್ದು ನಿಮ್ಮ ಪಾಲು ಶೇ 15 ಆಗಿದ್ದರೆ, 60 ಟನ್ ನಿಮ್ಮ ಲೆಕ್ಕಕ್ಕೆ ಸೇರುತ್ತದೆ. ಕಳೆಯುವುದಿಲ್ಲ, ಕೂಡುತ್ತದೆ. ಆ ಸ್ಟಾರ್ಟಪ್‌ನ ಗ್ರಾಹಕರು ಉಳಿಸಿದ ಇಂಗಾಲವನ್ನು ನಿಮ್ಮ ಹೆಸರಿಗೆ ಜಮಾ ಮಾಡಿಕೊಳ್ಳುವ ದಾರಿ ಇಲ್ಲ.

ಎರಡನೇ ತತ್ವದ ಮೊದಲ ಪ್ರಶ್ನೆಯಲ್ಲೂ ಎಚ್ಚರ ಬೇಕು. ಪರಿಸರ ಮತ್ತು ಸಾಮಾಜಿಕ ಪರಿಣಾಮ ಸುಧಾರಿಸುವ ತಂತ್ರಜ್ಞಾನಕ್ಕೆ ಆರ್ ಆಂಡ್ ಡಿ (ಸಂಶೋಧನೆ) ಮತ್ತು ಕ್ಯಾಪೆಕ್ಸ್‌ನ (ಯಂತ್ರ, ಕಟ್ಟಡದಂಥ ಬಂಡವಾಳ ವೆಚ್ಚದ) ಶೇಕಡಾ ಎಷ್ಟು ಹೋಯಿತು ಎಂದು ಅದು ಕೇಳುತ್ತದೆ. ಷೇರು ಖರೀದಿ ಹಣಕಾಸು ಹೂಡಿಕೆ, ಕ್ಯಾಪೆಕ್ಸ್ ಅಲ್ಲ. ಅದನ್ನು ಈ ಸಾಲಿಗೆ ಸೇರಿಸುವ ಆಸೆ ಯಾರಿಗಾದರೂ ಬಂದರೆ ನೀವೇ ತಡೆಯಿರಿ. ಅದೇ ಸ್ಟಾರ್ಟಪ್‌ನಿಂದ ಯಂತ್ರ ಕೊಂಡು ನಿಮ್ಮ ಫೌಂಡ್ರಿಯಲ್ಲಿ ಕೂರಿಸಿದರೆ ಆ ಖರ್ಚು ಧಾರಾಳವಾಗಿ ಇಲ್ಲಿ ಬರುತ್ತದೆ.

ಹಾಗಾದರೆ ಇಂಥ ಹೂಡಿಕೆಯಿಂದ ಪ್ರಯೋಜನವೇ ಇಲ್ಲವೇ? ಇದೆ, ಆದರೆ ಅದು ಸುತ್ತು ದಾರಿಯಲ್ಲಿ ಬರುತ್ತದೆ. ಕಾರ್ಪೊರೇಟ್ ವೆಂಚರ್ ಕ್ಯಾಪಿಟಲ್ (ದೊಡ್ಡ ಕಂಪನಿಗಳು ಸ್ಟಾರ್ಟಪ್‌ಗಳಲ್ಲಿ ಹಾಕುವ ಬಂಡವಾಳ) ಮತ್ತು ಪೇಟೆಂಟ್‌ಗಳ ಸಂಬಂಧವನ್ನು ಗ್ಯಾರಿ ದುಶ್ನಿಟ್ಸ್ಕಿ, ಮೈಕೆಲ್ ಲೆನಾಕ್ಸ್ 2005ರಲ್ಲಿ ಅಧ್ಯಯನ ಮಾಡಿದರು. ಹೀಗೆ ಹೂಡಿದ ಕಂಪನಿಗಳ ಪೇಟೆಂಟ್‌ಗಳು ಮುಂದೆ ಹೆಚ್ಚುತ್ತವೆ, ಆದರೆ ಹೊಸ ವಿದ್ಯೆಯನ್ನು ಹೀರಿಕೊಳ್ಳುವ ಶಕ್ತಿ ಆ ಕಂಪನಿಗೆ ಮೊದಲೇ ಇರಬೇಕು ಎಂಬುದು ಅದರ ತಿರುಳು. ಅಂದರೆ ಸ್ಟಾರ್ಟಪ್ ಎಂಜಿನಿಯರ್ ಹೇಳಿದ್ದನ್ನು ಅರ್ಥ ಮಾಡಿಕೊಂಡು, ಮೆಲ್ಟಿಂಗ್ ಶಾಪಿನಲ್ಲಿ ಪ್ರಯೋಗ ಮಾಡಿಸುವ ಮೆಟಲರ್ಜಿಸ್ಟ್ ನಿಮ್ಮಲ್ಲಿ ಇರಬೇಕು. ಪೇಟೆಂಟ್‌ಗೂ ಹೊಗೆಗೂ ನಡುವೆ ಇನ್ನೂ ದೊಡ್ಡ ಅಂತರವಿದೆ. ಹವಾಮಾನ ಸಂಬಂಧಿ ಪೇಟೆಂಟ್‌ಗಳಿಗೆ ವೈ02 ಎಂಬ ವರ್ಗ ಇರುವುದರಿಂದ ಅವನ್ನು ಎಣಿಸುವುದು ಸುಲಭ. ಆದರೆ ಪೇಟೆಂಟ್ ಕಡತದಲ್ಲೇ ಉಳಿದು ಹಳೆಯ ಯಂತ್ರವೇ ಓಡುತ್ತಿದ್ದರೆ ಎಣಿಕೆಗೆ ಅರ್ಥವಿಲ್ಲ.

ನಮ್ಮ ಬೆಂಗಳೂರಿನದೇ ಉದಾಹರಣೆ ನೋಡಿ. ಹೀರೊ ಮೋಟೊಕಾರ್ಪ್ 2016ರ ಅಕ್ಟೋಬರ್‌ನಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ಸ್ಟಾರ್ಟಪ್ ಏಥರ್ ಎನರ್ಜಿಗೆ 205 ಕೋಟಿ ರೂ. ಹಾಕಿತು. ಆಗ ಏಥರ್ ಒಂದು ಸ್ಕೂಟರನ್ನೂ ಮಾರಿರಲಿಲ್ಲ. ಅದರ ‘450’ ಎಂಬ ಮಾದರಿ ಗ್ರಾಹಕರ ಕೈ ಸೇರಿದ್ದು 2018ರಲ್ಲಿ. ಹೀರೊ ಬಳಿಕವೂ ಹಣ ಹಾಕುತ್ತಾ ಬಂತು, 2025ರ ಮೇನಲ್ಲಿ ಏಥರ್ ಷೇರುಪೇಟೆಗೆ ಬಂತು. ಹಣಕಾಸಿನ ದೃಷ್ಟಿಯಿಂದ ಇದು ಗೆದ್ದ ಹೂಡಿಕೆ. ತಂತ್ರಜ್ಞಾನದ ವಿಷಯಕ್ಕೆ ಬಂದರೆ, ಹೀರೊ ತನ್ನದೇ ಎಲೆಕ್ಟ್ರಿಕ್ ಸ್ಕೂಟರ್ ವಿಡಾ ವಿ1 ಅನ್ನು 2022ರ ಅಕ್ಟೋಬರ್‌ನಲ್ಲಿ ತಂದಾಗ ಅದು ತೆಗೆದು ಒಯ್ಯಬಹುದಾದ ಬ್ಯಾಟರಿಯ ಬೇರೆಯೇ ವಿನ್ಯಾಸ. ಏಥರ್‌ನದು ಗಾಡಿಯಲ್ಲೇ ಕೂರಿಸಿದ ಬ್ಯಾಟರಿ. ಎರಡೂ ಕಂಪನಿಗಳು ನಿಜವಾಗಿ ಕೂಡಿಕೊಂಡದ್ದು ಚಾರ್ಜಿಂಗ್‌ನಲ್ಲಿ. ಏಥರ್ ರೂಪಿಸಿದ ಚಾರ್ಜಿಂಗ್ ಕನೆಕ್ಟರ್ ವಿಡಾಕ್ಕೂ ಬಂತು, 2023ರಲ್ಲಿ ಒಬ್ಬರ ಗಾಡಿ ಇನ್ನೊಬ್ಬರ ಚಾರ್ಜರ್‌ನಲ್ಲಿ ನಿಲ್ಲುವ ಒಪ್ಪಂದವಾಯಿತು, ಅದೇ ವರ್ಷ ಭಾರತೀಯ ಮಾನಕ ಸಂಸ್ಥೆ (ಬಿಐಎಸ್) ಆ ಕನೆಕ್ಟರನ್ನು ಭಾರತೀಯ ಮಾನಕವಾಗಿ ಒಪ್ಪಿತು. ಇದು ಸಣ್ಣ ಲಾಭವಲ್ಲ. ಆದರೂ ಏಳು ವರ್ಷ ಹಿಡಿಯಿತು. ಇನ್ನೊಂದು ವಿಷಯ: ದ್ವಿಚಕ್ರ ವಾಹನ ಕಂಪನಿಯ ಇಂಗಾಲದ ಬಹುಪಾಲು ಇರುವುದು ಅದು ಮಾರಿದ ಗಾಡಿಗಳು ಸುಡುವ ಪೆಟ್ರೋಲಿನಲ್ಲಿ. ಏಥರ್ ಎಷ್ಟು ಸ್ಕೂಟರ್ ಮಾರಿದರೂ ಹೀರೊ ಮಾರುವ ಪೆಟ್ರೋಲ್ ಬೈಕಿನ ಲೆಕ್ಕ ಅದರಿಂದ ಕರಗುವುದಿಲ್ಲ.

ಉಕ್ಕಿನ ಉದಾಹರಣೆ ಇನ್ನೂ ಕಠಿಣ. ಆರ್ಸೆಲರ್‌ಮಿತ್ತಲ್ 2021ರಲ್ಲಿ ಎಕ್ಸ್‌ಕಾರ್ಬ್ ಇನೊವೇಷನ್ ಫಂಡ್ ಆರಂಭಿಸಿತು; ವರ್ಷಕ್ಕೆ 10 ಕೋಟಿ ಡಾಲರ್‌ವರೆಗೆ ಹೂಡುವ ಘೋಷಣೆ. ಕಬ್ಬಿಣ-ಗಾಳಿ ಬ್ಯಾಟರಿಯ ಫಾರ್ಮ್ ಎನರ್ಜಿಗೆ 2.5 ಕೋಟಿ ಡಾಲರ್ ಕೊಟ್ಟಿತು. ವಿದ್ಯುತ್ತಿನಿಂದಲೇ ಅದಿರಿನ ಆಮ್ಲಜನಕ ಬಿಡಿಸಿ ಕಬ್ಬಿಣ ತೆಗೆಯುವ ಬಾಸ್ಟನ್ ಮೆಟಲ್‌ಗೆ 2023ರಲ್ಲಿ 3.6 ಕೋಟಿ ಡಾಲರ್ ಕೊಟ್ಟಿತು. ಎರಡೂ ಒಳ್ಳೆಯ ಆಯ್ಕೆಗಳೇ. ಆದರೆ ಜರ್ಮನಿಯ ಬ್ರೆಮೆನ್ ಮತ್ತು ಐಸನ್‌ಹ್ಯೂಟನ್‌ಷ್ಟಾಟ್‌ನಲ್ಲಿ ಬ್ಲಾಸ್ಟ್ ಫರ್ನೇಸ್ ಬದಲಿಗೆ ತರಬೇಕಿದ್ದ ಕಡಿಮೆ ಇಂಗಾಲದ ಸ್ಥಾವರಗಳನ್ನು, 130 ಕೋಟಿ ಯೂರೋ ಸರ್ಕಾರಿ ನೆರವು ಮಂಜೂರಾಗಿದ್ದರೂ, 2025ರ ಜೂನ್‌ನಲ್ಲಿ ಕಂಪನಿ ಕೈಬಿಟ್ಟಿತು. ಹೈಡ್ರೋಜನ್, ವಿದ್ಯುತ್ ಬೆಲೆ ಮತ್ತು ಮಾರುಕಟ್ಟೆ ಹೊಂದಲಿಲ್ಲ ಎಂಬುದು ಅದು ಕೊಟ್ಟ ಕಾರಣ. ಕಂಪನಿಯ ಇಂಗಾಲ ನಿರ್ಧಾರವಾಗುವುದು ಅಂಥ ದೊಡ್ಡ ಕ್ಯಾಪೆಕ್ಸ್ ತೀರ್ಮಾನದಲ್ಲಿ. ಸ್ಟಾರ್ಟಪ್ ನಿಧಿ ಅದಕ್ಕೆ ಪೂರಕವಾಗಬಹುದು, ಬದಲಿ ಆಗಲಾರದು. ಇನ್ಫೋಸಿಸ್‌ಗೂ ಸ್ಟಾರ್ಟಪ್ ನಿಧಿ ಇದೆ. ಆದರೆ ಅದು 2020ರಲ್ಲಿ ಕಾರ್ಬನ್ ನ್ಯೂಟ್ರಲ್ ಆದದ್ದು ಕ್ಯಾಂಪಸ್‌ಗಳ ಕಟ್ಟಡ, ಕೂಲಿಂಗ್, ಬೆಳಕಿನ ವ್ಯವಸ್ಥೆ ಬದಲಿಸಿ ತಲಾ ವಿದ್ಯುತ್ ಬಳಕೆಯನ್ನು ಅರ್ಧಕ್ಕಿಂತ ಕೆಳಗಿಳಿಸಿ, ಸೌರ ವಿದ್ಯುತ್ ಬಳಸಿ, ಉಳಿದದ್ದಕ್ಕೆ ಆಫ್‌ಸೆಟ್ ಯೋಜನೆ ನಡೆಸಿ.

ಈಗ ನಿಮ್ಮ ಫೌಂಡ್ರಿಗೆ ಬರೋಣ. ಕಬ್ಬಿಣ ಕರಗಿಸಲು ಇಂಡಕ್ಷನ್ ಫರ್ನೇಸ್‌ಗೆ ಟನ್ನಿಗೆ ಸುಮಾರು 600 ಯೂನಿಟ್ ಬೇಕು. ಹೊಯ್ದ ಲೋಹವೆಲ್ಲ ಮಾಲಾಗುವುದಿಲ್ಲ. ಅಚ್ಚಿಗೆ ಲೋಹ ಹರಿಸುವ ರನ್ನರ್, ಎರಕ ಕುಗ್ಗಿದಾಗ ತುಂಬುವ ರೈಸರ್, ದೋಷದ ಮಾಲಿನ ರಿಜೆಕ್ಷನ್ ಎಂದು ಒಂದಷ್ಟು ವಾಪಸ್ ಫರ್ನೇಸಿಗೇ ಹೋಗುತ್ತದೆ. ಯೀಲ್ಡ್ (ಕರಗಿಸಿದ ಲೋಹದಲ್ಲಿ ಒಳ್ಳೆಯ ಮಾಲಾಗುವ ಪಾಲು) ಶೇ 60 ಎಂದುಕೊಂಡರೆ, ಒಂದು ಟನ್ ಒಳ್ಳೆಯ ಮಾಲಿಗೆ ಕರಗಿಸುವುದಕ್ಕೇ 1,000 ಯೂನಿಟ್. ಸ್ಯಾಂಡ್ ಪ್ಲಾಂಟ್, ಕಂಪ್ರೆಸರ್, ಶಾಟ್ ಬ್ಲಾಸ್ಟಿಂಗ್ ಸೇರಿ 1,400 ಎಂದಿಟ್ಟುಕೊಳ್ಳಿ. 12,000 ಟನ್ನಿಗೆ 1.68 ಕೋಟಿ ಯೂನಿಟ್. ನಮ್ಮ ಗ್ರಿಡ್ ವಿದ್ಯುತ್ತಿಗೆ ಯೂನಿಟ್ಟಿಗೆ ಸುಮಾರು 0.7 ಕಿಲೋ ಇಂಗಾಲದ ಲೆಕ್ಕ. ಅಲ್ಲಿಗೆ ಹೆಚ್ಚುಕಡಿಮೆ 11,800 ಟನ್ ನಿಮ್ಮ ಸ್ಕೋಪ್ 2.

ಎರಕದ ಸಿಮ್ಯುಲೇಷನ್, ಅಚ್ಚಿನ ಮರಳಿನ ತೇವ ಅಳೆಯುವ ಸೆನ್ಸರ್, ದೋಷದ ಕಾರಣ ಹಿಡಿಯುವ ಸಾಫ್ಟ್‌ವೇರ್ ಮಾಡುವ ಸ್ಟಾರ್ಟಪ್ ಒಂದು ನಿಮ್ಮ ಯೀಲ್ಡ್ ಅನ್ನು 60ರಿಂದ 66ಕ್ಕೆ ಏರಿಸಿತು ಎನ್ನಿ. ಕರಗಿಸುವ ವಿದ್ಯುತ್ತು 1,000ದಿಂದ 909 ಯೂನಿಟ್ಟಿಗೆ ಇಳಿಯುತ್ತದೆ. ವರ್ಷಕ್ಕೆ ಸುಮಾರು 10.9 ಲಕ್ಷ ಯೂನಿಟ್, 760 ಟನ್ ಇಂಗಾಲ ಉಳಿತಾಯ. ಯೂನಿಟ್ಟಿಗೆ 7 ರೂ. ಹಿಡಿದರೂ 76 ಲಕ್ಷ ರೂ. ಉಳಿಯಿತು. ನೀವು ಹುಡುಕಬೇಕಾದದ್ದು ಇಂಥವರನ್ನು.

ಇಲ್ಲೇ ಒಂದು ಮಾತು ಬೋರ್ಡಿಗೆ ಸ್ಪಷ್ಟವಾಗಿ ಹೇಳಿ. ಷೇರು ಕೊಂಡು ಇಂಗಾಲ ಇಳಿಸುವ ನೇರ ದಾರಿ ಒಂದಿದೆ, ಗ್ರೂಪ್ ಕ್ಯಾಪ್ಟಿವ್. ಸೌರ ಅಥವಾ ಪವನ ವಿದ್ಯುತ್ ಸ್ಥಾವರದ ಕನಿಷ್ಠ ಶೇ 26 ಷೇರು ಬಳಕೆದಾರ ಕಂಪನಿಗಳ ಕೈಲಿದ್ದು, ಉತ್ಪಾದನೆಯ ಕನಿಷ್ಠ ಶೇ 51 ಅವರೇ ಬಳಸಿದರೆ ಅದು ಕ್ಯಾಪ್ಟಿವ್ ಎನಿಸಿಕೊಳ್ಳುತ್ತದೆ. 2005ರ ವಿದ್ಯುತ್ ನಿಯಮಗಳಲ್ಲಿ ಇದಕ್ಕೆ ಅವಕಾಶವಿದೆ. ನಿಮ್ಮ ಬಳಕೆಯ ಅರ್ಧ, 84 ಲಕ್ಷ ಯೂನಿಟ್, ಹೀಗೆ ತಂದರೆ ಸುಮಾರು 5,900 ಟನ್ ಇಳಿಯುತ್ತದೆ. ಕರ್ನಾಟಕದ ಬಿಸಿಲಿನಲ್ಲಿ ಒಂದು ಮೆಗಾವಾಟ್ ವರ್ಷಕ್ಕೆ 15 ಲಕ್ಷ ಯೂನಿಟ್ ಆಸುಪಾಸು ಕೊಡುವುದರಿಂದ, ಐದೂವರೆ ಮೆಗಾವಾಟಿನ ಮಾತು. ನೀವು ಒಪ್ಪಂದದಲ್ಲಿ ಕೊಂಡ ವಿದ್ಯುತ್ತನ್ನು ನೋಡುವ ಮಾರ್ಕೆಟ್ ಆಧಾರಿತ ಸ್ಕೋಪ್ 2 ಲೆಕ್ಕದಲ್ಲಿ ಮಾತ್ರ ಇದು ಕಾಣುತ್ತದೆ, ಗ್ರಿಡ್ಡಿನ ಸರಾಸರಿ ಹಿಡಿಯುವ ಲೊಕೇಷನ್ ಆಧಾರಿತ ಲೆಕ್ಕದಲ್ಲಿ ಕಾಣದು, ಎರಡನ್ನೂ ತೋರಿಸಿ. ಇದನ್ನು ಇನ್ನೂ ಮಾಡಿಲ್ಲದಿದ್ದರೆ ಸ್ಟಾರ್ಟಪ್‌ಗಿಂತ ಮೊದಲು ಇದನ್ನೇ ಮಾಡಿ.

ಇದಾದ ಮೇಲೂ ಸ್ಟಾರ್ಟಪ್‌ಗೆ ಹೂಡಬೇಕೆಂದಿದ್ದರೆ 30 ಕೋಟಿಯನ್ನು ಪೂರ್ತಿ ಷೇರಿಗೆ ಸುರಿಯಬೇಡಿ. ನಾನಾದರೆ ಹೀಗೆ ಹಂಚುತ್ತೇನೆ: 12 ಕೋಟಿ ನೇರ ಷೇರಿಗೆ, ನಾಲ್ಕೈದು ಕಂಪನಿಗಳಲ್ಲಿ ತಲಾ ಎರಡು ಮೂರು ಕೋಟಿ. 5 ಕೋಟಿ, ಅವರಲ್ಲಿ ಗೆಲ್ಲುವವರ ಮುಂದಿನ ಸುತ್ತಿಗೆ. 5 ಕೋಟಿ ಯಾವುದಾದರೂ ಹವಾಮಾನ ಕೇಂದ್ರಿತ ಎಐಎಫ್‌ನಲ್ಲಿ (ಸೆಬಿಯಲ್ಲಿ ನೋಂದಾಯಿತ ಪರ್ಯಾಯ ಹೂಡಿಕೆ ನಿಧಿ), ಏಕೆಂದರೆ ವರ್ಷಕ್ಕೆ ನೂರಾರು ಸ್ಟಾರ್ಟಪ್ ನೋಡುವವರ ಕಣ್ಣು ನಿಮಗೆ ಬೇಕು. ಎಐಎಫ್‌ಗೆ ಕನಿಷ್ಠ ಹೂಡಿಕೆ ಸಾಮಾನ್ಯವಾಗಿ 1 ಕೋಟಿ. ಉಳಿದ 8 ಕೋಟಿ ಪೈಲಟ್‌ಗೆ (ಶಾಪ್‌ಫ್ಲೋರಿನ ಪ್ರಯೋಗಕ್ಕೆ) ಮತ್ತು ಮೊದಲ ಖರೀದಿಗೆ, ಪ್ಲಾಂಟ್ ಹೆಡ್ ಕೈಯಲ್ಲಿ. ಈ ಕೊನೆಯ 8 ಕೋಟಿಯೇ ಇಂಗಾಲ ಇಳಿಸುವುದು. ಪ್ರಸ್ತಾವಗಳಲ್ಲಿ ಮೊದಲು ಕತ್ತರಿ ಬೀಳುವುದೂ ಇದಕ್ಕೇ. ನಿಮ್ಮದೇ ಎಐಎಫ್ ಕಟ್ಟುವ ಆಲೋಚನೆ ಬೇಡ. ಕನಿಷ್ಠ ಕಾರ್ಪಸ್ (ನಿಧಿಯ ಒಟ್ಟು ಮೊತ್ತ) 20 ಕೋಟಿ ಇರುವುದರಿಂದ ನಿಯಮದಲ್ಲಿ ಅವಕಾಶವೇನೋ ಇದೆ, ಆದರೆ ಮ್ಯಾನೇಜರ್, ಟ್ರಸ್ಟಿ, ಆಡಿಟ್ ಖರ್ಚು ಇಷ್ಟು ಚಿಕ್ಕ ನಿಧಿಯನ್ನು ತಿಂದುಹಾಕುತ್ತದೆ.

ಬ್ಯಾಲೆನ್ಸ್ ಶೀಟಿನಿಂದ ನೇರ ಹೂಡುವಾಗ ಕಂಪನಿ ಕಾಯ್ದೆಯ 186ನೇ ಸೆಕ್ಷನ್ ನೋಡಿಕೊಳ್ಳಿ. ಸಭೆಯಲ್ಲಿ ಹಾಜರಿರುವ ನಿರ್ದೇಶಕರೆಲ್ಲರ ಒಪ್ಪಿಗೆ ಬೇಕು. ಮಿತಿ ದಾಟಿದರೆ ವಿಶೇಷ ನಿರ್ಣಯ. ಪಾಲು ಶೇ 20 ಮುಟ್ಟಿದರೆ ಸಾಮಾನ್ಯವಾಗಿ ಇಂಡ್ ಎಎಸ್ 28 ಎಂಬ ಲೆಕ್ಕಪತ್ರ ಮಾನದಂಡದಡಿ ಅಸೋಸಿಯೇಟ್ (ಸಹವರ್ತಿ ಕಂಪನಿ) ಆಗುತ್ತದೆ, ಸ್ಟಾರ್ಟಪ್‌ನ ನಷ್ಟದಲ್ಲಿ ನಿಮ್ಮ ಪಾಲು ನಿಮ್ಮ ಕನ್ಸಾಲಿಡೇಟೆಡ್ ಲಾಭ-ನಷ್ಟದಲ್ಲಿ ಕಾಣುತ್ತದೆ. ಆರಂಭದ ವರ್ಷಗಳಲ್ಲಿ ನಷ್ಟ ಇದ್ದೇ ಇರುತ್ತದೆ. ಹಾಗಾಗಿ ಶೇ 5ರಿಂದ 12ರ ನಡುವೆ ಇರುವುದು ನಿಮಗೂ ಅವರಿಗೂ ಹಿತ. ಸಿಎಸ್‌ಆರ್ ಹಣವನ್ನು ಇದಕ್ಕೆ ಮುಟ್ಟಲೇಬೇಡಿ.

ಯಾರಲ್ಲಿ ಹೂಡಬಾರದು ಎಂಬುದು ಅಷ್ಟೇ ಮುಖ್ಯ. ಬ್ಯಾಟರಿ ಸೆಲ್, ಹೈಡ್ರೋಜನ್ ಎಲೆಕ್ಟ್ರೊಲೈಸರ್‌ನಂಥ ಕ್ಷೇತ್ರದಲ್ಲಿ ಎರಡು ಮೂರು ಕೋಟಿಗೆ ಬೆಲೆಯಿಲ್ಲ. ಫೋಕ್ಸ್‌ವ್ಯಾಗನ್ ದೊಡ್ಡ ಷೇರುದಾರನಾಗಿದ್ದ ಸ್ವೀಡನ್ನಿನ ಬ್ಯಾಟರಿ ಕಂಪನಿ ನಾರ್ತ್‌ವೋಲ್ಟ್ ಕಥೆ ಎಲ್ಲರ ಮುಂದಿದೆ. ಉತ್ಪಾದನೆ ಹೇಳಿದ ಪ್ರಮಾಣಕ್ಕೆ ಏರಲಿಲ್ಲ, 2024ರಲ್ಲಿ ಬಿಎಂಡಬ್ಲ್ಯು 200 ಕೋಟಿ ಯೂರೋ ಆರ್ಡರ್ ಹಿಂತೆಗೆದುಕೊಂಡಿತು, 2025ರ ಮಾರ್ಚ್‌ನಲ್ಲಿ ದಿವಾಳಿ. ರಿಲಯನ್ಸ್ 2021ರಲ್ಲಿ 5 ಕೋಟಿ ಡಾಲರ್ ಘೋಷಿಸಿದ್ದ ಅಮೆರಿಕದ ಬ್ಯಾಟರಿ ಕಂಪನಿ ಆಂಬ್ರಿಯೂ 2024ರಲ್ಲಿ ದಿವಾಳಿ ರಕ್ಷಣೆ ಕೋರಿತು. ಪ್ರಯೋಗಾಲಯದಲ್ಲಿ ಗೆದ್ದದ್ದು ಕಾರ್ಖಾನೆಯ ಪ್ರಮಾಣದಲ್ಲಿ ಸೋಲುವುದು ಈ ಕ್ಷೇತ್ರದ ಮಾಮೂಲಿ ಅಪಾಯ, ಅದನ್ನು ತಡೆಯುವ ಶಕ್ತಿ ಸಣ್ಣ ಷೇರುದಾರನಿಗಿಲ್ಲ. ನಿಮ್ಮ ಶಾಪ್‌ಫ್ಲೋರಿನಲ್ಲೇ ಪರೀಕ್ಷೆ ಮಾಡಬಹುದಾದ್ದನ್ನು ಮಾತ್ರ ಆರಿಸಿ.

ಹಾಗೆ ಆರಿಸುವಾಗಲೂ ಒಂದು ಕಡೆ ಇಳಿದದ್ದು ಇನ್ನೊಂದು ಕಡೆ ಏರುತ್ತದೆಯೇ ನೋಡಿ. ಬಳಸಿದ ಕೋರ್ ಸ್ಯಾಂಡ್ (ಎರಕದ ಒಳಟೊಳ್ಳು ಮಾಡುವ ಮರಳು) ಮತ್ತೆ ಬಳಕೆಗೆ ತರುವ ಥರ್ಮಲ್ ರಿಕ್ಲಮೇಷನ್ ಒಳ್ಳೆಯ ಉದಾಹರಣೆ. ಮರಳಿಗೆ ಅಂಟಿದ ರೆಸಿನ್ ಅನ್ನು 600ರಿಂದ 800 ಡಿಗ್ರಿಯಲ್ಲಿ ಸುಟ್ಟು ತೆಗೆಯುತ್ತಾರೆ. ಡಂಪ್ ಯಾರ್ಡಿಗೆ ಹೋಗುವ ಮರಳು, ಹೊಸ ಮರಳಿನ ಖರೀದಿ, ಲಾರಿ ಬಾಡಿಗೆ ಎಲ್ಲ ಕಡಿಮೆಯಾಗುತ್ತದೆ. ಆದರೆ ಸುಡಲು ಗ್ಯಾಸ್ ಬೇಕು, ಅದು ನಿಮ್ಮ ಸ್ಕೋಪ್ 1ಕ್ಕೆ ಸೇರುತ್ತದೆ. ಯೋಜನೆ ಕೆಟ್ಟದ್ದು ಎಂದಲ್ಲ. ಬಿಆರ್‌ಎಸ್‌ಆರ್‌ನಲ್ಲಿ ತ್ಯಾಜ್ಯದ ಸಾಲು ಇಳಿದು ಸ್ಕೋಪ್ 1ರ ಸಾಲು ಏರಿದಾಗ ಅದನ್ನು ವಿವರಿಸಲು ಅಂಕಿಅಂಶ ನಿಮ್ಮ ಕೈಲಿರಬೇಕು.

ಟರ್ಮ್ ಶೀಟ್‌ನಲ್ಲಿ (ಹೂಡಿಕೆಯ ಷರತ್ತುಗಳ ಪತ್ರ) ದೊಡ್ಡ ಕಂಪನಿಗಳು ಮಾಡುವ ತಪ್ಪು ಅತಿ ಆಸೆಯದು. ‘ಮಾರುವುದಾದರೆ ಮೊದಲು ನಮಗೇ ಮಾರಬೇಕು’ ಎಂಬ ಹಕ್ಕನ್ನು ಹಾಕಿದರೆ ಬೇರೆ ಹೂಡಿಕೆದಾರರು ಹತ್ತಿರ ಸುಳಿಯುವುದಿಲ್ಲ. ಅದರ ಬದಲು, ಮಾರಾಟದ ಮಾತು ಬಂದಾಗ ತಿಳಿಸಬೇಕು ಎಂಬಷ್ಟು ಸಾಕು. ‘ನಮ್ಮ ಪ್ರತಿಸ್ಪರ್ಧಿಗಳಿಗೆ ಕೊಡಬಾರದು’ ಎನ್ನುವುದಾದರೆ ಒಂದೇ ಬಗೆಯ ಬಿಡಿಭಾಗಕ್ಕೆ, 12 ತಿಂಗಳಿಗೆ ಸೀಮಿತಗೊಳಿಸಿ. ಫೌಂಡ್ರಿ ಸಾಫ್ಟ್‌ವೇರ್ ಮಾಡುವವನು ಒಂದೇ ಫೌಂಡ್ರಿಗೆ ಮಾರಿ ಬದುಕಲಾರ, ಅವನು ಮುಚ್ಚಿದರೆ ನಿಮ್ಮ ಯೀಲ್ಡ್ ಕೂಡ ಮತ್ತೆ ಹಳೆಯ ಹಾದಿಗೇ. ನಿಮ್ಮ ಹೀಟ್ (ಫರ್ನೇಸಿನಲ್ಲಿ ಒಂದು ಸಲದ ಕರಗಿಸುವಿಕೆ) ದಾಖಲೆ, ದೋಷದ ದಾಖಲೆ ಯಾರದು, ಅದರಿಂದ ಹುಟ್ಟಿದ ಸುಧಾರಣೆ ಯಾರದು ಎಂಬುದನ್ನು ಮಾತ್ರ ಮೊದಲೇ ಬರೆದುಕೊಳ್ಳಿ. ಹೆಚ್ಚಿನ ಜಗಳ ಹುಟ್ಟುವುದು ಅಲ್ಲಿ.

ಪೈಲಟ್ ಹಾಳಾಗುವುದು ಬಹುತೇಕ ಅಳತೆಯಲ್ಲಿ. ಕಾರ್ಖಾನೆಯ ಮುಖ್ಯ ಎಚ್‌ಟಿ (ಹೈ ಟೆನ್ಷನ್) ಮೀಟರ್ ನೋಡಿ ‘ಉಳಿತಾಯ ಆಯಿತು’ ಎನ್ನುತ್ತಾರೆ. ಆ ತಿಂಗಳು ದಪ್ಪ ಎರಕ ಹೆಚ್ಚು ಹೊಯ್ದದ್ದಕ್ಕೇ ಯೀಲ್ಡ್ ಏರಿರಬಹುದು. ಪ್ರತಿ ಫರ್ನೇಸಿಗೆ ಪ್ರತ್ಯೇಕ ಮೀಟರ್ ಕೂರಿಸಿ. ಪ್ರತಿ ಹೀಟ್‌ಗೆ ಹಾಕಿದ ಚಾರ್ಜಿನ ತೂಕ, ಟ್ಯಾಪ್ ಮಾಡಿದ ಉಷ್ಣತೆ, ಯೂನಿಟ್, ಮೋಲ್ಡಿಂಗ್ ಲೈನ್ ನಿಂತಿದ್ದರಿಂದ ಕರಗಿದ ಲೋಹವನ್ನು ಕಾಯಿಸಿಟ್ಟ ನಿಮಿಷ, ಇಷ್ಟನ್ನೂ ಬರೆಸಿ. ಹೀಗೆ ಕಾಯಿಸಿಡುವುದರಲ್ಲಿ ಪೋಲಾಗುವ ವಿದ್ಯುತ್ತು ಎಷ್ಟೋ ಫೌಂಡ್ರಿಗಳಲ್ಲಿ ಲೆಕ್ಕಕ್ಕೇ ಬಂದಿರುವುದಿಲ್ಲ. ಮೂರು ತಿಂಗಳು ಹಳೆಯ ಪದ್ಧತಿಯಲ್ಲಿ, ಮೂರು ತಿಂಗಳು ಹೊಸದರಲ್ಲಿ, ಅದೇ ಗ್ರೇಡ್, ಅದೇ ಪ್ಯಾಟರ್ನ್‌ಗಳಲ್ಲಿ ಹೋಲಿಸಿ. ಎಷ್ಟು ಯೂನಿಟ್ ಇಳಿದರೆ ಖರೀದಿ ಮಾಡುತ್ತೇವೆ ಎಂಬ ಸಂಖ್ಯೆ ಪೈಲಟ್ ಶುರುವಾಗುವ ಮೊದಲೇ ಒಪ್ಪಂದದಲ್ಲಿರಲಿ. ಇಲ್ಲದಿದ್ದರೆ ಪೈಲಟ್ ಮುಗಿಯುವುದೇ ಇಲ್ಲ.

ಆಮೇಲೆ ಕಡತ ಹೋಗುವುದು ಪರ್ಚೇಸ್ ವಿಭಾಗಕ್ಕೆ. ಮೂರು ವರ್ಷದ ಬ್ಯಾಲೆನ್ಸ್ ಶೀಟ್, ಬ್ಯಾಂಕ್ ಗ್ಯಾರಂಟಿ, ಮೂರು ಕೊಟೇಷನ್, 90 ದಿನ ಕ್ರೆಡಿಟ್. ಎರಡು ವರ್ಷದ ಕಂಪನಿ ಇದರಲ್ಲಿ ಯಾವುದನ್ನೂ ಕೊಡಲಾರದು. ಹೂಡಿಕೆಯ ಗುಂಪು ಕೈಕುಲುಕಿದ ಕಂಪನಿಯನ್ನು ಖರೀದಿಯ ಗುಂಪು ಬಾಗಿಲಲ್ಲೇ ನಿಲ್ಲಿಸುವುದು ತೀರಾ ಸಾಮಾನ್ಯ. ಪೈಲಟ್ ಗೆದ್ದವರಿಗೆ ಪ್ರತ್ಯೇಕ ವೆಂಡರ್ ನಿಯಮ ಬೋರ್ಡಿನಿಂದಲೇ ಮಾಡಿಸಿ. ಪಾವತಿಯ ವಿಷಯದಲ್ಲಂತೂ, ನೋಂದಾಯಿತ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ ಒಪ್ಪಂದವಿದ್ದರೂ 45 ದಿನ ಮೀರುವಂತಿಲ್ಲ ಎಂದು ಎಂಎಸ್‌ಎಂಇಡಿ ಕಾಯ್ದೆಯೇ ಹೇಳುತ್ತದೆ.

ಪ್ರಚಾರದ ವಿಷಯ ಕೊನೆಗೆ. ಸುಳ್ಳು ಹಸಿರು ಪ್ರಚಾರ ತಡೆಯಲು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರಲ್ಲಿ ಮಾರ್ಗಸೂಚಿ ತಂದಿದೆ. ಪರಿಸರದ ಬಗ್ಗೆ ಹೇಳಿದ್ದಕ್ಕೆ ಪುರಾವೆ ಇರಬೇಕು. ‘ಸ್ಟಾರ್ಟಪ್‌ಗಳಲ್ಲಿ 12 ಕೋಟಿ ಹೂಡಿದ್ದೇವೆ’ ಎನ್ನುವುದು ಸತ್ಯ. ‘ಈ ಹೂಡಿಕೆಯಿಂದ ನಾವು ಹಸಿರು ಕಂಪನಿಯಾದೆವು’ ಎನ್ನುವಂತಿಲ್ಲ. ಬೋರ್ಡಿಗೆ ಕೊಡುವ ತ್ರೈಮಾಸಿಕ ವರದಿಯಲ್ಲೂ ಎಷ್ಟು ಸ್ಟಾರ್ಟಪ್, ಎಷ್ಟು ಮೌಲ್ಯ ಎಂಬುದಕ್ಕಿಂತ ಮೇಲೆ ಮೂರು ಸಂಖ್ಯೆ ಇರಲಿ: ಒಳ್ಳೆಯ ಮಾಲಿನ ಟನ್ನಿಗೆ ಎಷ್ಟು ಯೂನಿಟ್, ಎಷ್ಟು ಕಿಲೋ ಮರಳು ಹೊರಹೋಯಿತು, ಎಷ್ಟು ಪೈಲಟ್ ಖರೀದಿಯಾಯಿತು. ಮೊದಲ ವರ್ಷ ಮೂರನೆಯದು ಸೊನ್ನೆ ಇರಬಹುದು, ಗಾಬರಿ ಬೇಡ. ಎರಡನೇ ವರ್ಷದ ಕೊನೆಗೂ ಸೊನ್ನೆಯೇ ಇದ್ದರೆ ಹೊಸ ಷೇರು ಕೊಳ್ಳುವುದನ್ನು ನಿಲ್ಲಿಸಿ, ಉಳಿದ ಹಣವನ್ನು ಗ್ರೂಪ್ ಕ್ಯಾಪ್ಟಿವ್‌ಗೆ ತಿರುಗಿಸುವಂತೆ ನಿರ್ಣಯದಲ್ಲಿ ಈಗಲೇ ಬರೆಸಿ. ಫರ್ನೇಸ್ ಮೀಟರ್‌ಗಳ ಆರ್ಡರ್ ಮಾತ್ರ ಬೋರ್ಡ್ ಸಭೆಗೆ ಕಾಯದೆ ಈ ವಾರವೇ ಹೋಗಲಿ. ಯಾವ ದಾರಿ ಹಿಡಿದರೂ ಮೊದಲ ಮೂರು ತಿಂಗಳ ಲೆಕ್ಕ ಬೇಕೇ ಬೇಕು.